ಕೊಳೆ ಬಂದಿದೆ ಅಂತ ಬಿಸಾಡಿದ ಏಳು ಪ್ಯೂಪಾ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಹೋಂಸ್ಟೇಯಲ್ಲಿ ಚಿಟ್ಟೆ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಕರಿಬೇವು, ನಿಂಬೆ, ಈಶ್ವರಿ ಬಳ್ಳಿ ಬೆಳೆಸಬೇಕು. ಹುಳುಗಳನ್ನು ಇರುವೆ, ಹಕ್ಕಿಗಳಿಂದ ಉಳಿಸಿ ಬಲೆ ಹಾಕಿದ ಪೆಟ್ಟಿಗೆಯಲ್ಲಿ ಸಾಕಬೇಕು. ಚಿಟ್ಟೆಯಾದ ದಿನ ಹಾರಲು ಬಿಡಬೇಕು. ಸೇರಿದ ಮೊದಲ ಮಳೆಗಾಲದಲ್ಲೇ, ಒಂದು ಬೆಳಿಗ್ಗೆ, ಏಳು ಪ್ಯೂಪಾಗಳನ್ನು, ಅಂದರೆ ಚಿಟ್ಟೆಯಾಗುವ ಮೊದಲು ಸಿಪ್ಪೆಯೊಳಗೆ ಸುಮ್ಮನಿರುವ ಹುಳುಗಳನ್ನು, ಗೊಬ್ಬರದ ಗುಂಡಿಗೆ ಹಾಕಿದೆ.

ಎಲ್ಲವೂ ಕಾಮನ್ ಮಾರ್ಮನ್ ಎಂಬ ಜಾತಿಯ ಚಿಟ್ಟೆಯವು, ಕರಿಬೇವಿನ ಗಿಡದಲ್ಲಿ ಬೆಳೆದವು. ಹತ್ತು ದಿನ ಎಲೆಯಷ್ಟೇ ಹಸಿರಾಗಿದ್ದವು ಬೆಳಗಾಗುವುದರೊಳಗೆ ಕಪ್ಪು. ಆ ವಾರ ಬಿಸಿಲಿನ ಮುಖವನ್ನೇ ಕಂಡಿರಲಿಲ್ಲ, ಹಗ್ಗದ ಮೇಲಿನ ಪಂಚೆಗೂ ಬೂಷ್ಟು ಬಂದಿತ್ತು. ನಾನು ಅಡಿಕೆ ತೋಟದ ಮನೆಯವನು. ಕೊಳೆ ಬಂತು, ಉಳಿದವಕ್ಕೂ ಹಬ್ಬುವ ಮೊದಲು ತೆಗೆಯಬೇಕು ಅಂತಲೇ ತಲೆ ಓಡಿತು.

ಮಧ್ಯಾಹ್ನ ತರಕಾರಿ ಸಿಪ್ಪೆ ಚೆಲ್ಲಲು ಹೋದ ಅಡುಗೆಮನೆಯ ಅಕ್ಕ ಅಲ್ಲಿಂದಲೇ ಕೂಗಿದರು: “ತಮ್ಮಾ, ಇಲ್ಲಿ ಬಾ ಮಾರಾಯ. ನಿನ್ನ ಕೊಳೆತದ್ದಕ್ಕೆ ಕಾಲು ಬಂದಿದೆ!”

ಎರಡು ಚಿಟ್ಟೆ ಹೊರಬಂದಿದ್ದವು. ನೇತಾಡಲು ಒಂದು ಕಡ್ಡಿಯೂ ಸಿಗದೆ ರೆಕ್ಕೆಗಳು ಮುದುರಿದ ಹಾಗೇ ಒಣಗಿಹೋಗಿದ್ದವು. ಅವು ಹಾರಲಿಲ್ಲ.

ಆಮೇಲೆ ಓದಿಕೊಂಡೆ, ಕೇಳಿಕೊಂಡೆ. ಹುಳು ಎಲೆ ಮೇಯುತ್ತಿರುವಾಗಲೇ ಅದರ ಮೈಯೊಳಗೆ ರೆಕ್ಕೆಗಳ ಮೊಳಕೆ ಇರುತ್ತದಂತೆ. ಎಲ್ಲಿ ಚುಕ್ಕೆ, ಎಲ್ಲಿ ಪಟ್ಟೆ ಎಂಬುದು ಹುಳುವಿನ ಕೊನೆಯ ದಿನಗಳಲ್ಲಿ, ಪ್ಯೂಪಾದ ಶುರುವಿನಲ್ಲಿ ನಿಗದಿಯಾಗಿಬಿಡುತ್ತದೆ. 1980ರಲ್ಲಿ ಅಮೆರಿಕದ ಜೀವವಿಜ್ಞಾನಿ ಫ್ರೆಡರಿಕ್ ನೈಹೌಟ್ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹಿಡಿಸಿತು. ಪ್ಯಾನ್ಸಿ ಚಿಟ್ಟೆಯ ಎಳೆ ಪ್ಯೂಪಾದಲ್ಲಿ, ಮುಂದೆ ಕಣ್ಣಿನಂಥ ಚುಕ್ಕೆ ಬರಬೇಕಾದ ಜಾಗದ ನಟ್ಟನಡುವೆ ಅವರು ಸುಟ್ಟರು. ಬೇಗ ಸುಟ್ಟಲ್ಲಿ ಚುಕ್ಕೆ ಬರಲಿಲ್ಲ, ತಡಮಾಡಿ ಸುಟ್ಟಲ್ಲಿ ಸಣ್ಣದಾಗಿ ಬಂತು. ನಡುವಿನ ಆ ಜೀವಕೋಶಗಳನ್ನು ರೆಕ್ಕೆಯ ಇನ್ನೊಂದು ಕಡೆ ಕೂರಿಸಿದರೆ ಅಲ್ಲೊಂದು ಚುಕ್ಕೆ ಮೂಡಿತು. ಇಷ್ಟೆಲ್ಲ ನಡೆಯುವಾಗ ರೆಕ್ಕೆಯಲ್ಲಿ ಬಣ್ಣದ ಸುಳಿವೇ ಇರುವುದಿಲ್ಲ.

“ಅಂದ್ರೆ ಚುಕ್ಕಿ ಇಟ್ಟು, ಎಳೆ ಎಳೆದು ಆಗಿರ್ತದೆ. ಬಣ್ಣ ತುಂಬೋದೊಂದು ಬಾಕಿ,” ಅಂದರು ಅಕ್ಕ.

ಅಷ್ಟೇ. ಲೆನ್ಸ್ ಹಿಡಿದು ನೋಡಿದರೆ ರೆಕ್ಕೆಯ ಮೇಲೆ ಹೆಂಚು ಹೊದಿಸಿದಂತೆ ಸಾಲು ಸಾಲು ಹುರುಪೆ. ಬೆರಳಿಗೆ ಪುಡಿಯಾಗಿ ಅಂಟುವುದು ಅವೇ. ಒಂದೊಂದು ಹುರುಪೆ ಒಂದೊಂದು ಜೀವಕೋಶದ್ದು, ಸಾಮಾನ್ಯವಾಗಿ ಒಂದೊಂದೇ ಬಣ್ಣ. ತೆಳು ಬಣ್ಣಗಳು ಮೊದಲು ಬರುತ್ತವೆ. ಕಪ್ಪು, ಅಂದರೆ ಮೆಲನಿನ್, ತುಂಬುವುದು ಕೊನೆಗೆ, ಹೊರಬರುವ ಹೊತ್ತಿಗೆ. ಮಾರ್ಮನ್ ಬಹುಪಾಲು ಕಪ್ಪು ಚಿಟ್ಟೆ. ನಾನು ಕೊಳೆ ಅಂದುಕೊಂಡದ್ದು ತೆಳುವಾದ ಸಿಪ್ಪೆಯೊಳಗಿಂದ ಕಾಣುತ್ತಿದ್ದ ಅದರ ರೆಕ್ಕೆ.

ಈಗ ಕಪ್ಪಾದದ್ದನ್ನು ಟಾರ್ಚ್ ಹಿಡಿದು ನೋಡುತ್ತೇನೆ. ಎರಡೂ ಬದಿ ಒಂದೇ ಸಮ ಕಪ್ಪಾಗಿ, ಬಿಳಿ ಪಟ್ಟೆ ಮಸುಕಾಗಿ ಕಂಡರೆ ಜೀವವಿದೆ. ಸತ್ತದ್ದು ಅಲ್ಲೊಂದು ಇಲ್ಲೊಂದು ಕಲೆಯಾಗಿ ಕಪ್ಪಾಗುತ್ತದೆ, ಮೆತ್ತಗಾಗುತ್ತದೆ, ನಾರುತ್ತದೆ. ಕಣಜ ಮೊಟ್ಟೆಯಿಟ್ಟಿದ್ದರೆ ಸಣ್ಣ ತೂತು ಸಿಗುತ್ತದೆ. ಅನುಮಾನವಿದ್ದರೆ ಬೇರೆ ಪೆಟ್ಟಿಗೆಗೆ ಹಾಕಿ, ಮೂರು ದಿನ ಮುಟ್ಟುವುದಿಲ್ಲ.

ಇಷ್ಟು ಕಲಿತ ಮೇಲೂ ಬಣ್ಣ ಇನ್ನೊಮ್ಮೆ ಬೇಸ್ತು ಬೀಳಿಸಿತು. ಅದೇ ವರ್ಷ ದೀಪಾವಳಿ ಹೊತ್ತಿಗೆ ಒಂದೇ ಕರಿಬೇವಿನ ಗಿಡದ ಹುಳುಗಳಲ್ಲಿ ಎರಡು ಹೆಣ್ಣು ಬಂದವು: ಒಂದು ಗಂಡಿನಂತೆಯೇ ಕಪ್ಪು-ಬಿಳಿ, ಇನ್ನೊಂದರ ಹಿಂರೆಕ್ಕೆಯಲ್ಲಿ ಕೆಂಪು ಚುಕ್ಕೆಗಳು, ಥೇಟ್ ಕಾಮನ್ ರೋಸ್ ಎಂಬ ಬೇರೆ ಜಾತಿಯ ಚಿಟ್ಟೆ. ನೀರು ಹಾಕುವ ಹುಡುಗ ಪೆಟ್ಟಿಗೆ ಅದಲುಬದಲು ಮಾಡಿದ್ದಾನೆಂದು ಬೈದೆ, ರಿಜಿಸ್ಟರಿನಲ್ಲೂ ಹಾಗೇ ಬರೆದೆ. ಅವನು ಮುಖ ಊದಿಸಿಕೊಂಡು, “ಮೈ ನೋಡಿ ಅಣ್ಣ, ಮೈ ಕಪ್ಪಿದೆ” ಅಂದ. ಹೌದು, ರೋಸ್‌ಗೆ ಮೈ ಕೆಂಪು. ಇದು ಮಾರ್ಮನ್ನೇ. ಈಶ್ವರಿ ಬಳ್ಳಿ ತಿಂದು ಹಕ್ಕಿಗೆ ವಿಷವಾಗುವ ರೋಸ್‌ನ ವೇಷ ಹಾಕಿದ ಹೆಣ್ಣು. ಈ ವೇಷವನ್ನು ನಿರ್ಧರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು ಚಿಟ್ಟೆ ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದ್ದಾರೆ. ಗಂಡು-ಹೆಣ್ಣಿನ ಲಕ್ಷಣ ರೂಪಿಸುವ ಜೀನೇ ಅದು.

ರಿಜಿಸ್ಟರಿನ ಸಾಲು ಹೊಡೆದುಹಾಕಿ ‘ಮಾರ್ಮನ್, ಹೆಣ್ಣು’ ಎಂದು ಬರೆದು ಹುಡುಗನಿಗೆ ತೋರಿಸಿದೆ. ಓದಿ, ಕೊಡ ಎತ್ತಿಕೊಂಡು ಬಾವಿಕಟ್ಟೆ ಕಡೆ ಹೋದ. ಎರಡು ದಿನ ಮಾತಾಡಲಿಲ್ಲ.