ನೀಲಿ ಬೆಳಕಿನ ಬೊಬ್ಬೆ

14 ಸೆಪ್ಟೆಂಬರ್ 2024, ಶನಿವಾರ

ಮನೆಕೆಲಸ ಎಲ್ಲಾ ಹಾಗೇ ಬಿದ್ದಿದೆ. ಮಧ್ಯಾಹ್ನವಿಡೀ ಅಟೋಲಾ ಅನ್ನೋ ಜೆಲ್ಲಿ ಮೀನಿನ ವಿಡಿಯೋ ನೋಡುತ್ತಾ ಕೂತೆ.

ಬಿಸಿಲು ಮುಟ್ಟದ ಆಳದಲ್ಲಿ ಇದರ ವಾಸ. ಮೈ ಕಡುಗೆಂಪು. ಕೆಂಪು ಬೆಳಕು ಅಷ್ಟು ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಇಷ್ಟು ಚೆನ್ನಾಗಿ ಅಡಗಿರೋ ಪ್ರಾಣಿ ಬೆಳಕು ಯಾಕೆ ಬಿಡಬೇಕು?

ಯಾರಾದರೂ ಮೈಮೇಲೆ ಬಿದ್ದಾಗ ಮಾತ್ರ ಬಿಡುತ್ತದೆ. ಜಾತ್ರೆಯ ಸೀರಿಯಲ್ ಸೆಟ್ ಓಡಿದ ಹಾಗೆ ಅಂಚಿನಲ್ಲಿ ನೀಲಿ ಬೆಳಕು ಸುತ್ತು ಹೊಡೆಯುತ್ತದೆ. ಹಿಡಿದವನನ್ನೇ ತಿನ್ನುವಂಥ ಇನ್ನೂ ದೊಡ್ಡವನನ್ನು ಕರೆಯುವ ಉಪಾಯವಂತೆ ಇದು. ಬಡಪಾಯಿಯ ಬೊಬ್ಬೆ, ಅಲ್ವಾ! ನೀಲಿಯೇ ಯಾಕೆಂದರೆ ಕಡಲ ನೀರಲ್ಲಿ ಜಾಸ್ತಿ ದೂರ ಹೋಗೋದು ಅದೇ.

ಬೆಳಕಿಗೆ ಬೇಕಾದ ಸರಕು ಸೀಲೆಂಟರಜೀನ್ ಎಂಬ ಸಣ್ಣ ಅಣು. ಪ್ರೋಟೀನಿನ ನೆರವಿನಿಂದ ಅದು ಆಮ್ಲಜನಕದ ಜೊತೆ ಸೇರಿದಾಗ ಹೊರಬರುವ ಶಕ್ತಿ ಬೆಳಕಾಗುತ್ತದೆ. ಇದೇ ಅಣು ಇರುವ ಎಕ್ವೋರಿಯಾ ಎಂಬ ಇನ್ನೊಂದು ಜೆಲ್ಲಿ ಮೀನಿದೆ. ಆಳದ್ದಲ್ಲ, ಅಮೆರಿಕದ ಪಶ್ಚಿಮ ತೀರದ್ದು. ಅದಕ್ಕೆ ಈ ಅಣುವನ್ನು ತಾನೇ ತಯಾರಿಸಲು ಬರುವುದಿಲ್ಲ, ತಿನ್ನುವ ಆಹಾರದಿಂದಲೇ ಸಿಗಬೇಕು. ಸಿಗದಿದ್ದರೆ ಕತ್ತಲೆ.

1961ರಲ್ಲಿ ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಅದೇ ತೀರದ ಫ್ರೈಡೇ ಹಾರ್ಬರ್‌ನಲ್ಲಿ ಎಕ್ವೋರಿಯಾದ ರಸ ತೆಗೆದು ಪರೀಕ್ಷೆ ಮಾಡುತ್ತಿದ್ದರು. ಮಂಕಾಗಿದ್ದ ರಸವನ್ನು ಸಿಂಕಿಗೆ ಸುರಿದರು. ಅಕ್ವೇರಿಯಂನಿಂದ ಹರಿದು ಬರುತ್ತಿದ್ದ ಸಮುದ್ರದ ನೀರು ಅದೇ ಸಿಂಕಿಗೆ ಬೀಳುತ್ತಿತ್ತು. ಸಿಂಕ್ ಒಳಗೆಲ್ಲ ನೀಲಿಯಾಗಿ ಫಳಕ್ ಅಂತು! ಕಡಲ ನೀರಿನ ಕ್ಯಾಲ್ಸಿಯಂ ಮಾಡಿದ ಕೆಲಸ. ರಸದಲ್ಲಿದ್ದ ಆ ಬೆಳಗುವ ಪ್ರೋಟೀನಿಗೆ ಎಕ್ವೋರಿನ್ ಅಂತ ಹೆಸರಿಟ್ಟರು. ಜೊತೆಗೇ ಸಿಕ್ಕ ಹಸಿರು ಪ್ರೋಟೀನಿಗಾಗಿ 2008ರಲ್ಲಿ ನೊಬೆಲ್ ಬಂತು. ಚೆಲ್ಲಿದ್ದರಲ್ಲೂ ಇಷ್ಟು ಸಿಕ್ಕರೆ ಇನ್ನೇನು ಬೇಕು.

ನನಗೆ ಮಾತ್ರ ಕಡಲ ವಿಜ್ಞಾನಿ ಎಡಿತ್ ವಿಡ್ಡರ್ ಮಾಡಿದ ಕಿತಾಪತಿಯೇ ಜಾಸ್ತಿ ಇಷ್ಟ. ನೀಲಿ ಎಲ್‌ಇಡಿಗಳಿಂದ ಅಟೋಲಾದ ಬೆಳಕಿನ ನಕಲು ಮಾಡಿ, ಪಕ್ಕದಲ್ಲಿ ಕ್ಯಾಮೆರಾ ಇಟ್ಟು ಕಡಲಿಗೆ ಇಳಿಸಿದರು. ಕ್ಯಾಮೆರಾಗೆ, ಉದ್ದ ತೋಳುಗಳ ಕಡಲ ಪ್ರಾಣಿಗಳಾದ ಸ್ಕ್ವಿಡ್‌ಗಳಿಗೆ ಕಾಣದಂಥ ಕೆಂಪು ದೀಪ. 2012ರಲ್ಲಿ ಜಪಾನಿನ ಒಗಸವಾರ ದ್ವೀಪಗಳ ಹತ್ತಿರ ದೈತ್ಯ ಸ್ಕ್ವಿಡ್ ಸೆರೆಯಾಯಿತು. ವಿಡಿಯೋದಲ್ಲಿ, ಅಷ್ಟೇ. ಅದು ನಕಲಿ ಜೆಲ್ಲಿ ಮೀನಿನ ಮೇಲೆ ಎರಗಲೇ ಇಲ್ಲ. ಪಕ್ಕದಲ್ಲಿದ್ದ ದೊಡ್ಡ ಸಾಮಾನಿನ ಮೇಲೆ ಬಿತ್ತು, ಹಿಡಿದವನು ಅದೇ ಅಂದುಕೊಂಡ ಹಾಗೆ.