ಊಟದಿಂದಲೇ ಷುಗರ್ ಇಳಿಯಿತಾ? ಒಂಬತ್ತನೇ ವಾರದ ಲೆಕ್ಕ

ಒಂಬತ್ತು ವಾರ ಮುಗಿಯಿತು. ನಮ್ಮ ಬೀದಿಯಲ್ಲಿ ಷುಗರ್ ಇರುವ ಎಂಟು ಜನ, ಅದರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬರು. ಚೀಟಿ ಎತ್ತಿ ನಾಲ್ಕು ಜನಕ್ಕೆ ಈಗಲೇ ಮಧ್ಯಾಹ್ನದ ಊಟ ಬದಲಾಯಿಸಿದ್ದೇವೆ, ಉಳಿದ ನಾಲ್ವರಿಗೆ 12 ವಾರ ಆದಮೇಲೆ. ಅಡುಗೆ ನನ್ನದು ಮತ್ತು ಅತ್ತಿಗೆಯದು. ಮೊದಲು ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಪಲ್ಯ. ಅದು ಮುಗಿದ ಮೇಲೆ ಮುದ್ದೆ, ಹುರುಳಿಕಾಳಿನ ಸಾರು. ಅನ್ನ ಒಂದೇ ಸೌಟು.

ನಾಲ್ಕು ಜನಕ್ಕೆ ಯಾಕೆ ಕಾಯಿಸುವುದು, ಎಲ್ಲರಿಗೂ ಕೊಡಬಾರದಾ ಅಂತ ಕೇಳಿದವರಿದ್ದಾರೆ. ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಷುಗರ್ ಜಾಸ್ತಿ ಇದ್ದ, ಊಟಕ್ಕೂ ಕಷ್ಟವಿದ್ದ 400ಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ ವಾರಕ್ಕೆ ಹತ್ತು ಊಟಕ್ಕಾಗುವಷ್ಟು ಒಳ್ಳೆಯ ದಿನಸಿಯನ್ನು ಮನೆಮಂದಿಗೆಲ್ಲ ಸೇರಿಸಿ ಕೊಟ್ಟರು, ಜೊತೆಗೆ ಡಯಟೀಷಿಯನ್ ಸಲಹೆ. ಆರು ತಿಂಗಳಲ್ಲಿ ಅವರ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಷುಗರ್ ಹೇಳುವ ರಕ್ತಪರೀಕ್ಷೆ, ಲೆಕ್ಕ ಶೇಕಡಾದಲ್ಲಿ) ಸುಮಾರು 1.5 ಇಳಿಯಿತು. ಅಷ್ಟನ್ನೇ ನೋಡಿದ್ದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಆದರೆ ದಿನಸಿ ಸಿಗದೆ ಕಾಯುತ್ತಿದ್ದ ಗುಂಪಿನಲ್ಲೂ 1.3 ಇಳಿದಿತ್ತು! ಷುಗರ್ ತೀರಾ ಏರಿದ ಹೊತ್ತಲ್ಲೇ ಜನ ಇಂಥದ್ದಕ್ಕೆ ಸೇರುವುದು, ಆಮೇಲೆ ಅದು ಒಂದಿಷ್ಟು ತಾನಾಗಿಯೇ ಇಳಿಯುತ್ತದೆ. ಕಾಯುವವರನ್ನೂ ಅಳೆಯದಿದ್ದರೆ ಆ ಇಳಿತವನ್ನೆಲ್ಲ ಊಟದ ಖಾತೆಗೆ ಬರೆದುಬಿಡುತ್ತೇವೆ, ಅಲ್ವಾ?

ನಮ್ಮಲ್ಲೂ ಅದೇ ಕಾಣುತ್ತಿದೆ. ಊಟ ಬದಲಾದ ನಾಲ್ವರ ಖಾಲಿ ಹೊಟ್ಟೆ ಷುಗರ್ ಸರಾಸರಿ 168ರಿಂದ 147ಕ್ಕೆ ಬಂದಿದೆ. ಕಾಯುತ್ತಿರುವವರದು 171ರಿಂದ 158. ಅಂದರೆ 21ರಲ್ಲಿ 13 ಕಾಯುವವರಿಗೂ ಇಳಿದಿದೆ. ವಾರಕ್ಕೆ ಎರಡು ಸಲ ಬೆರಳು ಚುಚ್ಚಿಸಿಕೊಳ್ಳಬೇಕು ಅನ್ನುವುದಕ್ಕೇ ಅವರು ಈಗ ಮಾತ್ರೆ ತಪ್ಪಿಸುತ್ತಿಲ್ಲ. ಉಳಿದ 8 ಊಟದ್ದು ಅಂತ ಹೇಳುವ ಆಸೆ ಇದೆ, ಆದರೆ ಎಂಟೇ ಜನ ಇಟ್ಟುಕೊಂಡು ಹಾಗೆ ಹೇಳುವುದು ತಪ್ಪು.

ಅಳತೆಯ ವಿಷಯ. ಒಳ್ಳೆಯ ಗ್ಲೂಕೋಮೀಟರ್ ಕೂಡ ಶೇ. 15ರಷ್ಟು ಆಚೆ ಈಚೆ ತೋರಿಸಬಹುದು, ಹಾಗಾಗಿ ಒಂದು ದಿನದ ನಂಬರ್ ನೋಡಿ ಖುಷಿಪಡುವುದೂ ಬೇಡ, ಹೆದರುವುದೂ ಬೇಡ. ಆರನೇ ವಾರ ಪಕ್ಕದ ಮನೆ ಮೇಷ್ಟ್ರಿಗೆ 241 ಬಂತು. ಕೇಳಿದರೆ ಆಗಷ್ಟೇ ಮಾವಿನಹಣ್ಣು ಹೆಚ್ಚಿ ಬಂದಿದ್ದರು. ಸೋಪು ಹಾಕಿ ಕೈ ತೊಳೆಸಿ, ಒರೆಸಿ ಮತ್ತೆ ನೋಡಿದರೆ 163. ಇನ್ನು ಮುದ್ದೆ: ಎಲ್ಲರೂ "ಒಂದೇ ಮುದ್ದೆ" ಅಂತ ಬರೆಸುತ್ತಿದ್ದರು. ತಕ್ಕಡಿಗೆ ಇಟ್ಟಾಗ ಒಬ್ಬರದು 180 ಗ್ರಾಂ, ಇನ್ನೊಬ್ಬರದು 320! ಆವತ್ತಿನಿಂದ ತೂಕ ಮಾಡಿಯೇ ಬಡಿಸುತ್ತಿದ್ದೇವೆ.

ನನ್ನನ್ನು ನಿಜವಾಗಿ ಹೆದರಿಸಿದ್ದು ಏಳನೇ ವಾರ. ಸಂಜೆ ಐದಕ್ಕೆ ದೊಡ್ಡಮ್ಮ ಜಗಲಿ ಮೇಲೆ ಕೂತು "ಯಾಕೋ ಕೈಕಾಲು ನಡುಗ್ತಿದೆ ಕಣೋ" ಅಂದರು. ಹಣೆಯೆಲ್ಲ ಬೆವರು. ಮೀಟರ್ 62 ತೋರಿಸಿತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆ, ಹದಿನೈದು ನಿಮಿಷಕ್ಕೆ 94. ಅನ್ನ ಕಡಿಮೆ ಮಾಡಿದ್ದೆವು, ಮಾತ್ರೆ ಮಾತ್ರ ಹಳೇ ಡೋಸೇ ನಡೆಯುತ್ತಿತ್ತು. ಶುರುಮಾಡುವ ಮೊದಲೇ ಅವರ ಡಾಕ್ಟರ್ ಹತ್ತಿರ ಮಾತಾಡಬೇಕಿತ್ತು, ಅದು ನನ್ನ ತಪ್ಪು. ಮಾರನೇ ದಿನ ಹೋದೆವು, ಡಾಕ್ಟರ್ ಡೋಸ್ ಇಳಿಸಿದರು. ಈಗ ಪುಸ್ತಕದಲ್ಲಿ "ಮಾತ್ರೆ" ಅಂತ ಒಂದು ಕಾಲಂ ಸೇರಿದೆ. ಕಡಿಮೆ ಮಾತ್ರೆಯಲ್ಲಿ ಅದೇ ಷುಗರ್ ನಿಂತರೆ ಅದೂ ಗೆಲುವೇ, ಬರೀ ಷುಗರ್ ನಂಬರ್ ನೋಡಿದರೆ ಅದು ಕಾಣುವುದೇ ಇಲ್ಲ.

12ನೇ ವಾರ ಎಂಟೂ ಜನಕ್ಕೆ ಎಚ್‌ಬಿಎ1ಸಿ, ಅದೇ ಲ್ಯಾಬ್‌ನಲ್ಲಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ 12 ವಾರಕ್ಕಿಂತ ತೀರಾ ಬೇಗ ಮಾಡಿಸಿದರೆ ಹಳೇ ಷುಗರೇ ಜಾಸ್ತಿ ಕಾಣುತ್ತದೆ. ಜೊತೆಗೆ ಹಿಮೋಗ್ಲೋಬಿನ್ನೂ ನೋಡಿಸಬೇಕು. ಒಬ್ಬ ಆಂಟಿ ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಶುರುಮಾಡಿದ್ದಾರೆ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಕೊರತೆ ನೀಗಿದಂತೆ ಇಳಿಯಬಹುದು. ಅವರ ಲೆಕ್ಕ ಬೇರೆಯೇ ಇಡುತ್ತೇನೆ.

ಸೋಮವಾರ ಸ್ಟ್ರಿಪ್ ತರಬೇಕು, ಡಬ್ಬಿಯಲ್ಲಿ ಇನ್ನು ಹನ್ನೊಂದೇ ಉಳಿದಿವೆ.