ಗಾಳಿ ಇಲ್ಲದ ಬಾಟಲಿಯಲ್ಲಿ ಆರ್ಟೀಮಿಯಾ ಮೊಟ್ಟೆ: ಇಲ್ಲಿವರೆಗೆ ಆದದ್ದು

ಫೈಟರ್ ಮೀನಿನ ಮರಿಗಳಿಗೆ ತಿನ್ನಿಸಲು ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆ ಒಡೆಸುವುದು ನನಗೆ ಹಳೆಯ ಅಭ್ಯಾಸ. ಲೀಟರ್ ನೀರಿಗೆ 25–30 ಗ್ರಾಂ ಉಪ್ಪು, ಚಿಟಿಕೆ ಅಡುಗೆ ಸೋಡಾ, ಬೆಳಕು, ಏರ್ ಪಂಪು, 28 ಡಿಗ್ರಿ ಆಸುಪಾಸಿನ ಬಿಸಿ, ಅಷ್ಟೇ. ಸುಮಾರು ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳು ಬೆಳಕಿನ ಕಡೆ ಗುಂಪು ಸೇರುತ್ತವೆ. ದಾವಣಗೆರೆಯಲ್ಲಿ ಬಿಸಿಗೆ ಬರ ಇಲ್ಲ. ತಲೆನೋವು ಕರೆಂಟಿನದು. ಪಂಪು ನಿಂತು ಜಾಸ್ತಿ ಹೊತ್ತಾದರೆ ಹೊರಬಂದ ಮರಿಗಳು ತಳಕ್ಕೆ ಬಿದ್ದು ಸಾಯುತ್ತವೆ. ಅದೇ ಜಾಡಿಯಲ್ಲಿ ಇನ್ನೂ ಒಡೆಯದ ಮೊಟ್ಟೆ ಇದ್ದರೆ ಅದಕ್ಕೆ ಏನೂ ಆಗುವುದಿಲ್ಲ, ಕರೆಂಟ್ ಬಂದ ಮೇಲೆ ಆರಾಮಾಗಿ ಒಡೆಯುತ್ತದೆ. ಒಂದೇ ಜೀವ, ಕೆಲವೇ ಗಂಟೆ ವಯಸ್ಸಿನ ವ್ಯತ್ಯಾಸ. ಇದನ್ನು ಸರಿಯಾಗಿ ನೋಡೋಣ ಅಂತ ಹೊರಟೆ.

ಒಣಗಿದ ಮೊಟ್ಟೆ ವರ್ಷಗಟ್ಟಲೆ ಡಬ್ಬಿಯಲ್ಲಿ ಇರುವುದು ಎಲ್ಲರಿಗೂ ಗೊತ್ತು. ನನಗೆ ಬೇಕಿದ್ದದ್ದು ಅದಲ್ಲ. ನೀರು ಕುಡಿದು ಉಬ್ಬಿದ, ಕೆಲಸ ಶುರು ಮಾಡಲು ತಯಾರಾದ ಮೊಟ್ಟೆಗೆ ಆಮ್ಲಜನಕ ಕೊಡದೆ ಇಟ್ಟರೆ ಏನಾಗುತ್ತದೆ? ಉಪ್ಪುನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿದೆ. ನೆನೆಸಿದ ಮೊಟ್ಟೆಯನ್ನು ಗಾಜಿನ ಬಾಟಲಿಗೆ ಹಾಕಿ ಆ ನೀರನ್ನು ಕಂಠದವರೆಗೆ ತುಂಬಿಸಿ, ಒಂದು ಗುಳ್ಳೆಯೂ ಉಳಿಯದಂತೆ ರಬ್ಬರ್ ಬಿರಡೆ ಒತ್ತಿದೆ. ಮೊಟ್ಟೆ ಬೇಕೆಂದೇ ಜಾಸ್ತಿ ಹಾಕಿದ್ದೆ, ಉಳಿದ ಚೂರುಪಾರು ಆಮ್ಲಜನಕವನ್ನು ಅವೇ ಬಳಸಿ ಮುಗಿಸಲಿ ಅಂತ. ಇನ್ನೊಂದು ಬಾಟಲಿಗೆ ಅದೇ ಕುದಿಸಿದ ನೀರು, ಅದೇ ಮೊಟ್ಟೆ, ಆದರೆ ಪಂಪಿನ ಗಾಳಿ. ಇದು ಇಲ್ಲದಿದ್ದರೆ ಮೊಟ್ಟೆ ಒಡೆಯದ್ದಕ್ಕೆ ಕಾರಣ ಗಾಳಿಯೋ ಕುದಿಸಿದ ನೀರೋ ಅಂತ ಹೇಳಲು ಬರುತ್ತಿರಲಿಲ್ಲ. ಅವ್ವ ಎರಡೂ ಬಾಟಲಿ ನೋಡಿ, "ಏನಪ್ಪಾ, ಉಪ್ಪಿನಕಾಯಿ ಹಾಕಿದೀಯೇನು?" ಅಂದರು.

ಗಾಳಿಯ ಬಾಟಲಿ ಮರುದಿನವೇ ಮರಿಗಳಿಂದ ತುಂಬಿತು. ಮುಚ್ಚಿದ ಬಾಟಲಿಯಲ್ಲಿ ತಳದಲ್ಲಿ ಕಂದು ಮೊಟ್ಟೆಗಳು, ಹೇಗಿದ್ದವೋ ಹಾಗೆ. ವಾರಗಳು ಕಳೆದರೂ ಹಾಗೇ.

ಒಳಗೆ ಆಗುವುದು ಉಸಿರು ಬಿಗಿಹಿಡಿದು ಕಾಯುವ ಆಟ ಅಲ್ಲ. ನಮ್ಮ ಜೀವಕೋಶಕ್ಕೆ ಆಮ್ಲಜನಕ ಸಿಗದಿದ್ದರೆ ಅದು ಸಕ್ಕರೆ ಒಡೆದು ಹೇಗಾದರೂ ಶಕ್ತಿ ಮಾಡಲು ಒದ್ದಾಡುತ್ತದೆ, ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಕೊನೆಗೆ ಸೋಲುತ್ತದೆ. ಆರ್ಟೀಮಿಯಾ ಒದ್ದಾಡುವುದೇ ಇಲ್ಲ. ಅದರ ಒಣ ತೂಕದಲ್ಲಿ ಸುಮಾರು 15% ಟ್ರೆಹಲೋಸ್ ಅನ್ನುವ ಸಕ್ಕರೆ ಇದೆ, ಆದರೂ ಅದನ್ನು ಮುಟ್ಟುವುದಿಲ್ಲ! ಆಮ್ಲಜನಕ ಹೋದ ಕೂಡಲೇ ಎಟಿಪಿ, ಅಂದರೆ ಜೀವಕೋಶ ಶಕ್ತಿಗೆ ಬಳಸುವ ಅಣು, ಕುಸಿಯುತ್ತದೆ, ಜೀವಕೋಶದೊಳಗಿನ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 7.9ರಿಂದ 6.3ರ ತನಕ ಇಳಿಯುತ್ತದೆ. ಆ ಹುಳಿಯೇ ಸ್ವಿಚ್ಚು. ಸಕ್ಕರೆ ಒಡೆಯುವ ಕಿಣ್ವ ನಿಲ್ಲುತ್ತದೆ, ಹೊಸ ಪ್ರೋಟೀನ್ ಮಾಡುವುದು ನಿಲ್ಲುತ್ತದೆ, ಹಳೆಯದನ್ನು ಕೆಡವುವುದೂ ನಿಲ್ಲುತ್ತದೆ. ಕರೆಂಟ್ ಹೋದ ಗಿರಣಿಯಲ್ಲಿ ಎಲ್ಲ ಮಗ್ಗ ಒಟ್ಟಿಗೆ ನಿಂತು, ನೂಲು ಮಾತ್ರ ಹರಿಯದೆ ಹಾಗೇ ಉಳಿದಂತೆ.

ನಿಂತ ಪ್ರೋಟೀನ್‌ಗಳು ಮುದುಡಿ ಕೆಡಬೇಕಲ್ವಾ? ಅದಕ್ಕೆ ಕಾವಲು ಪಿ26 ಅನ್ನುವ ಪ್ರೋಟೀನ್. ಮರಿಗೆ ಆಹಾರವಾಗಿ ಕೂಡಿಟ್ಟ ಪ್ರೋಟೀನ್ ಬಿಟ್ಟು ಉಳಿದದ್ದರಲ್ಲಿ ಇದೇ 10–15% ಇರುತ್ತದೆ. ಆಮ್ಲಜನಕ ಹೋದಾಗ ಇದರ ಒಂದು ದೊಡ್ಡ ಪಾಲು ಕೋಶದ ಕೇಂದ್ರಕ್ಕೆ ಹೋಗಿ ಸೇರುತ್ತದೆ, ಗಾಳಿ ಬಂದರೆ ವಾಪಸ್ ಬರುತ್ತದೆ. ಕೆಡದಂತೆ ಕಾಯುವುದಕ್ಕೂ ಇದಕ್ಕೆ ಎಟಿಪಿ ಬೇಕಿಲ್ಲ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ. ಕ್ಯಾಲಿಫೋರ್ನಿಯಾದ ವಿಜ್ಞಾನಿ ಜೇಮ್ಸ್ ಕ್ಲೆಗ್ ಹೀಗೆ ನೆನೆದ ಮೊಟ್ಟೆಗಳು ನಾಲ್ಕು ವರ್ಷ ಆಮ್ಲಜನಕವಿಲ್ಲದೆ ಬದುಕಿದ್ದನ್ನು 1997ರಲ್ಲಿ ಪ್ರಕಟಿಸಿದರು, ಅದೂ ಫ್ರಿಜ್‌ನಲ್ಲಿಟ್ಟಲ್ಲ. ನನ್ನ ಬಾಟಲಿ ಅದರ ಮುಂದೆ ಮಕ್ಕಳಾಟ.

ಬಿರಡೆ ತೆಗೆದಾಗ ಸ್ವಲ್ಪ ಕೊಳೆತ ವಾಸನೆ ಬಂತು. ನೀರು ಬದಲಿಸಿ ಪಂಪು ಹಾಕಿದೆ. ಗಾಳಿಯ ಬಾಟಲಿಗಿಂತ ನಿಧಾನ, ಆದರೆ ಒಡೆದವು, ಮರಿಗಳು ಚುರುಕಾಗಿಯೇ ಇದ್ದವು. ಮುಚ್ಚುವ ಮೊದಲೇ ಬಿರುಕು ಬಿಟ್ಟಿದ್ದ ಒಂದಷ್ಟು ಮಾತ್ರ ಬಿಳಿಚಿ ಸತ್ತಿದ್ದವು. ಚಿಪ್ಪು ಒಡೆದು ಮರಿಯಾಗುವ ಹೊತ್ತಿಗೆ ಪಿ26 ಖಾಲಿಯಾಗುತ್ತದೆ, ಅಲ್ಲಿಂದ ಅದಕ್ಕೂ ನಮ್ಮ ಹಾಗೆ ಗಾಳಿ ಬೇಕೇ ಬೇಕು. ಮೊಟ್ಟೆಯೊಳಗಿನ ಸುಮಾರು 4000 ಕೋಶಗಳು ಹೊರಬರುವ ತನಕ ವಿಭಜನೆಯಾಗುವುದೇ ಇಲ್ಲವಂತೆ, ಹಾಗಾಗಿ ನಡುದಾರಿಯಲ್ಲಿ ಸಿಕ್ಕಿಬೀಳುವ ಅಪಾಯವೂ ಕಡಿಮೆ.

ಮೀನು ಸಾಕುವವರಿಗೆ ಇನ್ನೆರಡು. ವೆನೆಜುವೆಲಾದ ಮಳೆಗುಂಡಿಗಳ ಕಿಲ್ಲಿಫಿಶ್ ಭ್ರೂಣ ಬೆಳವಣಿಗೆ ನಿಲ್ಲಿಸಿದ ಹಂತದಲ್ಲಿ 25 ಡಿಗ್ರಿಯಲ್ಲೇ ಆಮ್ಲಜನಕವಿಲ್ಲದೆ 100 ದಿನಕ್ಕೂ ಹೆಚ್ಚು ತಡೆಯಬಲ್ಲದು, ಆದರೆ ಅದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಜೀಬ್ರಾ ಮೀನಿನ ಎಳೆಯ ಭ್ರೂಣ 24 ಗಂಟೆ ತಡೆಯುತ್ತದೆ. ಹೃದಯ ಬಡಿತ ಶುರುವಾಗಿದ್ದರೆ ಅದೂ ನಿಂತು, ಗಾಳಿ ಸಿಕ್ಕಾಗ ಮತ್ತೆ ಶುರುವಾಗುತ್ತದೆ. ಇದನ್ನು ಮನೆಯಲ್ಲಿ ಮಾಡುವುದಿಲ್ಲ, ಮನಸ್ಸು ಬರಲ್ಲ.

ಮುಂದೆ ಎರಡು ಕೆಲಸ. ಆಮ್ಲಜನಕ ಇದ್ದರೂ ಕಾರ್ಬನ್ ಡೈಆಕ್ಸೈಡ್ ತುಂಬಿ ಒಳಗೆ ಹುಳಿ ಮಾಡಿದರೆ ಮೊಟ್ಟೆ ನಿಲ್ಲುತ್ತದೆ ಅಂತ ಲ್ಯಾಬ್‌ಗಳಲ್ಲಿ ತೋರಿಸಿದ್ದಾರೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿದಾಗ ಬರುವ ಆ ಗ್ಯಾಸನ್ನು ಪಂಪಿನ ಗಾಳಿಯ ಜೊತೆ ಬಿಟ್ಟು ನೋಡಬೇಕು. ಇನ್ನೊಂದು, ದುರ್ಗದ ಕಡೆ ಬಂಡೆಗುಂಡಿಗಳಲ್ಲಿ ಬೇಸಿಗೆಗೆ ಒಣಗಿದ ಕೆಸರು. ಆರ್ಟೀಮಿಯಾದ ನೆಂಟರು, ಸಿಹಿನೀರಿನ ಫೇರಿ ಸೀಗಡಿಗಳು, ಇಂಥ ಗುಂಡಿಗಳಲ್ಲೇ ಮೊಟ್ಟೆ ಬಿಟ್ಟು ಹೋಗುತ್ತವೆ. ಕೋಟೆಯೊಳಗಿಂದ ಏನನ್ನೂ ತರುವಂತಿಲ್ಲ, ಹೊರಗಿನ ಗುಡ್ಡದಿಂದ ಒಂದು ಹಿಡಿ ಕೆಸರು ಕಳಿಸು ಅಂತ ಅಲ್ಲಿನ ಗೆಳೆಯನಿಗೆ ಹೇಳಿದೀನಿ. ಅದಕ್ಕೆ ಉಪ್ಪು ಬೇಡ, ಮಳೆನೀರು ಹಿಡಿದಿಟ್ಟಿದೆ.